‘ಈ ತಿಂಗಳ ಅಷ್ಟ ರೀ ಮಾಮಾ’: ನವನಗರದ ಒಂದು ಸಂಸಾರದ ವರ್ಷದ ಲೆಕ್ಕ

ಪ್ರಕರಣ ಇಷ್ಟೇ. ಗಂಡ, ಹೆಂಡತಿ, ನಾಲ್ಕು ದಾಟಿದ ಮಗಳು. ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ಮನೆ. ಇಬ್ಬರೂ ದುಡಿಯುತ್ತಾರೆ. ಕುಡಿತ ಇಲ್ಲ, ಇಸ್ಪೀಟ್ ಇಲ್ಲ, ಫೋನಿನಲ್ಲಿ ಜೂಜಾಡುವ ಚಟ ಇಲ್ಲ, ಗುಟ್ಕಾ ಕೂಡ ಇಲ್ಲ. ಆದರೂ ತಿಂಗಳ 20ನೇ ತಾರೀಖು ಬಂತೆಂದರೆ ಕಿಸೆ ಖಾಲಿ. ಕಳೆದ ಡಿಸೆಂಬರಿನಲ್ಲಿ ಗಂಡ ನನ್ನ ಹತ್ತಿರ ಬಂದ. ಸಂಘದಲ್ಲಿ 50,000 ಸಾಲ ಬೇಕು, ನೀವು ಜಾಮೀನು ಆಗಬೇಕು ಅಂದ.

ನಾನು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಅವನು ನನ್ನ ಅಕ್ಕನ ಮಗ, ನನಗೆ ಅಳಿಯ. ಅವನ ಹೆಂಡತಿ ಸೊಸೆ. ಸಹಿ ಹಾಕುವ ಮೊದಲು ಮನೆ ಲೆಕ್ಕ ನೋಡಬೇಕು ಅಂದೆ. ಅವನಿಗೆ ಸ್ವಲ್ಪ ಸಿಟ್ಟು ಬಂತು. "ಲೆಕ್ಕ ನೋಡಾಕ ಏನೈತ್ರಿ ಮಾಮಾ, ಎಲ್ಲಾ ತುಟ್ಟಿ ಆಗೈತಿ" ಅಂದ. ತುಟ್ಟಿ ಆಗಿರೋದು ನಿಜ. ಆದರೆ ಉತ್ತರ ಅದೊಂದೇ ಆಗಿದ್ದರೆ ಇದನ್ನು ಬರೆಯುವ ಕೆಲಸವೇ ಇರಲಿಲ್ಲ.

ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಸೊಸೆಯದು ಒಂದೇ ಷರತ್ತು: ಸೀರೆಯ ರೇಟು ಬಿಡಿಸಿ ಬರೆಯಬಾರದು. ಒಟ್ಟು ಮೊತ್ತದೊಳಗೆ ಸೇರಿಸಿ ಮುಚ್ಚಿದ್ದೇನೆ.

ಕಾಗದದ ಮೇಲೆ ಇವರು ಸಾಹುಕಾರರು

ಅಳಿಯ ಔಷಧಿ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಮಾಡುತ್ತಾನೆ. ಪಗಾರ 32,000. ಸೊಸೆ ಒಂದು ಖಾಸಗಿ ಶಾಲೆಯಲ್ಲಿ ಟೀಚರ್, 11,000. ಒಟ್ಟು 43,000. ಹೋಲ್‌ಸೇಲ್ ಬಿಲ್ಲಿಂಗ್‌ನಲ್ಲಿ ಐದು ರೂಪಾಯಿ ಹೆಚ್ಚುಕಮ್ಮಿ ಆದರೆ ರಾತ್ರಿ ಒಂಬತ್ತರ ತನಕ ಕೂತು ಹುಡುಕುವ ಹುಡುಗ ಇವನು. ಮನೆಯಲ್ಲಿ ಐದು ಸಾವಿರ ಎಲ್ಲಿ ಹೋಯಿತು ಅಂದರೆ ಫ್ಯಾನ್ ನೋಡುತ್ತಾನೆ.

ಮೊದಲು ತಿಂಗಳು ತಿಂಗಳು ತಪ್ಪದೇ ಬರುವ ಖರ್ಚುಗಳನ್ನು ಹೇಳಿಸಿ ಬರೆದುಕೊಂಡೆ. ಬಾಡಿಗೆ 8,500. ಕಿರಾಣಿ ಸಂತೆ 5,500. ಊರಲ್ಲಿರುವ ಅಪ್ಪ ಅವ್ವನಿಗೆ 4,000. ಬೈಕ್ ಕಂತು 3,400. ಕಾಯಿಪಲ್ಲೆ 2,200, ಪೆಟ್ರೋಲ್ ಕೂಡ ಅಷ್ಟೇ. ವಿಮೆ 1,800, ಹಾಲು 1,400, ಶಾಲೆ ಆಟೋ 1,000, ಮೂರು ಫೋನಿಗೆ ರೀಚಾರ್ಜ್ 900, ಗ್ಯಾಸ್ ಸರಾಸರಿ 700, ವೈಫೈ 600, ನೀರು ಮತ್ತು ಕಸಕ್ಕೆ 300. ಕರೆಂಟ್ ಸೊನ್ನೆ, ಗೃಹಜ್ಯೋತಿ ಇದೆ. ಕೂಡಿಸಿದರೆ 32,500.

ಅಂದರೆ ಪ್ರತಿ ತಿಂಗಳು 10,500 ಉಳಿಯಬೇಕು. ವರ್ಷಕ್ಕೆ ಸವಾ ಲಕ್ಷ! ಈ ಮೊತ್ತ ಓದಿ ಹೇಳಿದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಒಬ್ಬರು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಬಚ್ಚಿಟ್ಟಿದ್ದಾರೆ ಅನ್ನುವ ಗುಮಾನಿ ಇಬ್ಬರ ಮುಖದಲ್ಲೂ ಇತ್ತು. (ಈ ಗುಮಾನಿ ಪೂರ್ತಿ ಸುಳ್ಳಲ್ಲ. ಮುಂದೆ ಬರುತ್ತೆ.)

ಈ ಪಟ್ಟಿಯಲ್ಲಿ ಎರಡು ಬಾಬ್ತಿನ ಬಗ್ಗೆ ಸ್ವಲ್ಪ ಹೇಳಬೇಕು. ಒಂದು, ಫೋನ್ ರೀಚಾರ್ಜ್. 299ರ ಪ್ಲಾನ್, 28 ದಿನ. ವರ್ಷಕ್ಕೆ ಹನ್ನೆರಡು ತಿಂಗಳು ಅಂತ ನಾವು ಶಾಲೆಯಲ್ಲಿ ಕಲಿತಿದ್ದು, ಫೋನ್ ಕಂಪನಿಗಳ ಪಂಚಾಂಗದಲ್ಲಿ ಹದಿಮೂರು. 28ನ್ನು 13ರಿಂದ ಗುಣಿಸಿ, 364 ಬರುತ್ತೆ. ಮೂರು ಫೋನಿಗೆ ವರ್ಷಕ್ಕೊಂದು ರೀಚಾರ್ಜ್ ಜಾಸ್ತಿ ಅಂದರೆ ಸುಮಾರು 900 ಸುಮ್ನೆ ಹೋಯಿತು. ಒಂದಾದರೂ 30 ದಿನದ ಪ್ಲಾನ್ ಇಡಲೇಬೇಕು ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಟ್ರಾಯ್ 2022ರಲ್ಲೇ ಹೇಳಿದೆ. ಇದೆ ಕೂಡ. ಆದರೆ ಅದನ್ನು ಹುಡುಕಬೇಕಾದರೆ ಆ್ಯಪ್‌ನಲ್ಲಿ ತುಂಬಾ ಕೆಳಗಿನ ತನಕ ಹೋಗಬೇಕು. ಅಷ್ಟರಲ್ಲಿ ಬೆರಳು 299 ಒತ್ತಿ ಆಗಿರುತ್ತೆ.

ಇನ್ನೊಂದು, ಜೋಳ. ಊರಿನಿಂದ ಅಪ್ಪ ಚೀಲಗಟ್ಟಲೆ ಬಿಳಿಜೋಳ ಕಳಿಸುತ್ತಾರೆ. ಇಬ್ಬರೂ ದುಡಿಯೋದರಿಂದ ರೊಟ್ಟಿ ಬಡಿಯಲು ಪುರುಸೊತ್ತಿಲ್ಲ. ಹಾಗಾಗಿ ಬಿಟ್ಟಿ ಬಂದ ಜೋಳ ಮನೆಯ ಮೂಲೆಯಲ್ಲಿ ನುಸಿ ಹಿಡಿಯುತ್ತೆ, ರೊಟ್ಟಿ ಮಾತ್ರ ಪಕ್ಕದ ಸೆಕ್ಟರಿನ ಅಜ್ಜಿಯಿಂದ ದುಡ್ಡು ಕೊಟ್ಟು ಬರುತ್ತೆ. ನಮ್ಮ ಜೋಳ ನಾವೇ ಕೊಡ್ತೀವಿ, ಬಡಿಯೋ ಕೂಲಿ ಅಷ್ಟೇ ತಗೋರಿ ಅಂತ ಆ ಅಜ್ಜಿಗೆ ಕೇಳಿದ್ದೀರಾ ಅಂದೆ. ಕೇಳಿರಲಿಲ್ಲ. ಕೇಳಿದ ದಿನವೇ ಅವರು ಹೂಂ ಅಂದರು. ಇಂಥ ಉಳಿತಾಯ ಖುಷಿ ಕೊಡುತ್ತೆ, ಆದರೆ ಪ್ರಕರಣ ಬಗೆಹರಿಯೋದು ಇದರಿಂದಲ್ಲ.

ಅಪರಾಧಿ ಚಹಾ ಅಲ್ಲ

ಇಂಥ ಮನೆಗೆ ಎಲ್ಲರೂ ಮೊದಲು ಕೊಡುವ ಸಲಹೆ, ಹೊರಗಿನ ಚಹಾ ಬಿಡಿ. ಅದನ್ನೂ ನೋಡಿದೆ. ಅಳಿಯನ ಫೋನಿನಿಂದ ಒಂದು ತಿಂಗಳ ಯುಪಿಐ ಪಟ್ಟಿ ತೆಗೆಸಿದೆ. ಬಸ್ಸಿನ ಟಿಕೆಟ್ ರೋಲ್ ಬಿಚ್ಚಿದ ಹಾಗೆ ಉದ್ದಕ್ಕೆ ಬಂತು. 10, 12, 20, 15, 40, 10, 30. ಚಹಾ, ಗಿರ್ಮಿಟ್, ಮಿರ್ಚಿ, ಮಗಳ ಚಾಕಲೇಟ್, ಜೆರಾಕ್ಸ್, ಪಂಕ್ಚರ್, ಮತ್ತೆ ಚಹಾ. ಮೊದಲೆಲ್ಲ ಅಂಗಡಿಯವರು ಚಿಲ್ಲರೆ ಇಲ್ಲ ಅಂದರೆ ನಾವು ಬೇಡ ಬಿಡಿ ಅಂತ ಎದ್ದು ಬರುತ್ತಿದ್ದೆವು, ಅಲ್ವಾ? ಈಗ ಆ ನೆಪ ಹೋಯಿತು. ಸ್ಕ್ಯಾನ್ ಮಾಡಿದರೆ ಏಳು ರೂಪಾಯಿಯೂ ಹೋಗುತ್ತೆ.

ಒಟ್ಟು ಎಷ್ಟು? 3,100. ಇಬ್ಬರದೂ, ಮಗಳದೂ ಸೇರಿ. ಕಡಿಮೆ ಏನಲ್ಲ. ಆದರೆ 10,500 ಎಲ್ಲಿ ಹೋಯಿತು ಅನ್ನೋ ಪ್ರಶ್ನೆಗೆ ಇದು ಮೂರನೇ ಒಂದು ಪಾಲಿನ ಉತ್ತರವೂ ಅಲ್ಲ. ದಿನವಿಡೀ ಬಿಲ್ ಹೊಡೆಯುವವನಿಗೆ ಸಂಜೆ ಒಂದು ಪ್ಲೇಟ್ ಗಿರ್ಮಿಟ್ ಬೇಡ ಅನ್ನುವ ಕಠಿಣ ಹೃದಯ ನನಗಿಲ್ಲ. ಅದನ್ನು ಬಿಟ್ಟರೆ ಮನೆ ಉದ್ಧಾರ ಆಗುತ್ತೆ ಅನ್ನುವವರ ಲೆಕ್ಕದ ಮೇಲೆ ನನಗೆ ನಂಬಿಕೆಯೂ ಇಲ್ಲ.

ಎರಡನೇ ಆರೋಪಿ ಹಾಲು. ಅಳಿಯ ಇದರ ಬಗ್ಗೆ ಭಾಷಣವನ್ನೇ ಮಾಡಿದ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅದೇ ದಿನದಿಂದ ಕರೆಂಟ್ ಬಿಲ್ಲಿಗೆ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಸೇರಿತು. ಅದಕ್ಕೂ ಮೊದಲು ಜನವರಿಯಲ್ಲಿ ಬಸ್ ದರ ನೂರಕ್ಕೆ 15ರಷ್ಟು ಏರಿತ್ತು. ಇವನ್ನೆಲ್ಲ ಅವನು ತಾರೀಖಿನ ಸಮೇತ ಹೇಳುತ್ತಾನೆ. ಸರಿ, ದಿನಕ್ಕೆ ಒಂದು ಲೀಟರ್ ಅಂದರೆ ಹಾಲಿನ ಏರಿಕೆಯಿಂದ ಬಿದ್ದ ಹೊರೆ ತಿಂಗಳಿಗೆ 120. ಬೈಯೋಣ, ತಪ್ಪಿಲ್ಲ. ಬಸ್ಸಿನ 15 ಪರ್ಸೆಂಟ್ ಅವನೊಬ್ಬನಿಗೇ. ಸೊಸೆಗೆ ಶಕ್ತಿ ಯೋಜನೆ ಇದೆ, 2023ರ ಜೂನ್‌ನಿಂದ ಸಾದಾ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಮಗಳು ಅವಳ ತೊಡೆ ಮೇಲೆ.

ಇನ್ನೊಂದು ಕಡೆ ಇಳಿದದ್ದೂ ಇದೆ. 2025ರ ಸೆಪ್ಟೆಂಬರ್ 22ರಿಂದ ಮನೆಮಂದಿಯ ಜೀವವಿಮೆ, ಆರೋಗ್ಯವಿಮೆ ಕಂತಿನ ಮೇಲಿನ ಜಿಎಸ್‌ಟಿ ಹೋಯಿತು. ಇವರ ಕಂತಿನಲ್ಲಿ ಉಳಿದದ್ದು ತಿಂಗಳಿಗೆ ಸುಮಾರು 40 ರೂಪಾಯಿ. ಅದರ ಸಂತೋಷಕ್ಕೆ ಅವತ್ತು ಸಂಜೆ ಮೂವರೂ ಹೊರಗೆ ಹೋಗಿ 90 ರೂಪಾಯಿಯ ಬಜ್ಜಿ ತಿಂದು ಬಂದರು. ಯುಪಿಐ ಪಟ್ಟಿಯಲ್ಲಿ ಸಿಕ್ಕಿತು.

ಹನ್ನೆರಡು ಸಲ ಬಂದ ‘ಒಂದೇ ಸಲದ’ ಖರ್ಚು

ನಿಜವಾದ ಕಥೆ ಸಿಕ್ಕಿದ್ದು ಬ್ಯಾಂಕ್ ಪಾಸ್‌ಬುಕ್ಕನ್ನು 2025ರ ಜನವರಿಯಿಂದ ತಿಂಗಳು ತಿಂಗಳು ಬಿಡಿಸಿದಾಗ. ಪ್ರತಿ ತಿಂಗಳೂ ಒಂದು ದೊಡ್ಡ ಮೊತ್ತ. ಅದನ್ನು ತೋರಿಸಿ ಏನಪ್ಪಾ ಇದು ಅಂದರೆ ಪ್ರತಿ ಸಲವೂ ಒಂದೇ ಉತ್ತರ. "ಅದು ಈ ತಿಂಗಳ ಅಷ್ಟ ರೀ ಮಾಮಾ."

ಜನವರಿ: ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ಬಾದಾಮಿ ಕಡೆ ಹೋಗದೇ ಇದ್ದರೆ ನಮ್ಮ ಕಡೆಯವರಿಗೆ ವರ್ಷ ಶುರುವಾದ ಹಾಗೇ ಅನ್ನಿಸಲ್ಲ. ತಿಂಗಳಗಟ್ಟಲೆ ನಾಟಕ ಕಂಪನಿಗಳ ಡೇರೆ ಇರುತ್ತೆ, ಬಳೆ, ಆಟಿಗೆ, ಮಿಠಾಯಿ. ಹೊರಡುವಾಗ ಸೊಸೆ ಹೇಳಿದ್ದಳಂತೆ, "ನನಗಂತೂ ಬಸ್ ಫ್ರೀ, ನೀವ ಮನ್ಯಾಗ ಇದ್ಬಿಡ್ರಿ, ಖರ್ಚ್ ಉಳಿತೈತಿ." ಅವನು ಕೇಳಲಿಲ್ಲ, ಹೋದ, ನಾಟಕವನ್ನೂ ನೋಡಿದ. 3,200.

ಫೆಬ್ರವರಿ: ಸೊಸೆಯ ಕಾಕಾನ ಮಗಳ ಮದುವೆ. ಆಯೇರಿ (ಮುಯ್ಯಿ), ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಜಂಪರ್ ಹೊಲಿಗೆ, ಮಗಳ ಫ್ರಾಕು, ಮೂವರು ಸೇರಿ ಮಾಡಿದ ಗಾಡಿ. 9,800. ಮಾರ್ಚ್‌ನಲ್ಲಿ ಹೋಳಿ. ಬಾಗಲಕೋಟೆಯ ಹೋಳಿ ಅಂದರೆ ಊರಿಗೆ ಊರೇ ಹಲಗೆ ಸದ್ದು. ಆದರೂ ವರ್ಷದಲ್ಲಿ ಇವರಿಗೆ ಅತಿ ಸೋವಿ ಬಿದ್ದ ಹಬ್ಬ ಇದೇ, ಹೋಗಿದ್ದು ಒಂದು ಹಳೇ ಅಂಗಿ. ಅಷ್ಟರೊಳಗೆ ಬಿಸಿಲು ಶುರುವಾಯಿತು, ಕೂಲರ್ ಬಂತು, 9,500. "ಅಚಾನಕ್ ಸೆಕೆ ಜಾಸ್ತಿ ಆತ್ರಿ" ಅಂದ. ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದವನಿಗೆ ಬೇಸಿಗೆ ಅಚಾನಕ್ ಬರುತ್ತೆ!

ಏಪ್ರಿಲ್ ಕೊನೆಗೆ ಬಸವ ಜಯಂತಿ, ಅಕ್ಷಯ ತೃತೀಯ ಒಂದೇ ದಿನ ಬಿದ್ದವು. ಅದರ ಆಸುಪಾಸು ಮೂರು ಮದುವೆ, 7,500. ಮೇ ತಿಂಗಳಲ್ಲಿ ರಜೆಗೆ ಬಂದ ನೆಂಟರ ಮಕ್ಕಳು, ಮಾವಿನಹಣ್ಣು, ಐಸ್‌ಕ್ರೀಂ, 4,000. ಜೊತೆಗೆ ಕರೆಂಟ್ ಬಿಲ್ ಸುಮಾರು 1,700.

ಈ ಕರೆಂಟ್ ಬಿಲ್ಲಿನ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ಗೃಹಜ್ಯೋತಿ ಅಂದರೆ 200 ಯೂನಿಟ್ ಫ್ರೀ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಅದು ಹಾಗಲ್ಲ. ಬಹುಪಾಲು ಮೀಟರುಗಳಿಗೆ ಹಿಂದಿನ ಬಳಕೆಯ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿ ಒಂದು ಮಿತಿ ಇಟ್ಟಿರುತ್ತಾರೆ. ಅದರೊಳಗೆ ಇದ್ದರೆ ಸೊನ್ನೆ. ಮಿತಿ ದಾಟಿ 200ರೊಳಗೆ ನಿಂತರೆ ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಮೊದಲ ಯೂನಿಟ್ಟಿನಿಂದ ಕೊನೇ ಯೂನಿಟ್ಟಿನ ತನಕ ಇಡೀ ಬಿಲ್ ನಿಮ್ಮದೇ. ಕೂಲರ್ ಮುಂದೆ ಹಗಲೂ ರಾತ್ರಿ ಬಿದ್ದುಕೊಂಡಿದ್ದ ಮಕ್ಕಳ ದೆಸೆಯಿಂದ ಆ ತಿಂಗಳು ಮೀಟರ್ ತೋರಿಸಿದ್ದು 214. ಹದಿನಾಲ್ಕು ಯೂನಿಟ್ಟಿನ ತಂಪಿಗೆ ಸಾವಿರದ ಏಳುನೂರು. ರೀಡಿಂಗ್ ಮಾಡುವವರು ಕೈಗೆ ಬಿಲ್ ಕೊಟ್ಟು ಹೋದ ಮೇಲೆ ಅಳಿಯ ಮೀಟರ್ ಬೋರ್ಡಿನ ಮುಂದೆ ಹೋಗಿ ನಿಂತು ಅಂಕಿ ನೋಡಿದನಂತೆ. ತಿರುಗುತ್ತಲೇ ಇತ್ತು. ಒಳಗೆ ಕೂಲರ್ ಓಡುತ್ತಿತ್ತು.

ಜೂನ್ ಬಂತು, ಎಲ್‌ಕೆಜಿ. ಫೀ, ಪುಸ್ತಕ, ಯೂನಿಫಾರ್ಮ್, ಬೂಟು, ಬ್ಯಾಗು ಸೇರಿ 19,500. ಎಬಿಸಿಡಿ ಕಲಿಯೋಕೆ. ವಾರಕ್ಕೆ ಎರಡು ನಮೂನೆ ಯೂನಿಫಾರ್ಮ್ ಬೇಕು, ಅದೂ ಅವರು ಹೇಳಿದ ಅಂಗಡಿಯಲ್ಲೇ. ಆ ಮಗು ವರ್ಷಕ್ಕೆ ಎರಡು ಇಂಚು ಬೆಳೆಯುತ್ತೆ ಅನ್ನೋದು ಯಾರ ಲೆಕ್ಕದಲ್ಲೂ ಇಲ್ಲ.

ಜುಲೈನಲ್ಲಿ ಬೈಕಿನ ಟೈರು ಮತ್ತು ಸರ್ವಿಸಿಂಗ್ 3,000, ತಿಂಗಳ ಕೊನೆಗೆ ಪಂಚಮಿ. ನಮ್ಮ ಕಡೆ ನಾಗರ ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ತಂಗಿ ಬಂದಳು, ಅವಳಿಗೆ ಸೀರೆ, ಅವಳ ಮಕ್ಕಳಿಗೆ ಬಟ್ಟೆ, ನಾಲ್ಕೈದು ನಮೂನೆ ಉಂಡಿ. 5,200. ಹೆಂಡತಿ ಅದೇ ಹಬ್ಬಕ್ಕೆ ತನ್ನ ತವರಿಗೆ ಹೋಗಿ ಅಂಥದ್ದೇ ಒಂದು ಸೀರೆ ತಂದಳು. ಎರಡೂ ಮನೆಯವರು ಸೀರೆ ಅದಲುಬದಲು ಮಾಡಿಕೊಂಡಿದ್ದರೆ ಅಂಗಡಿಯವನೊಬ್ಬನಿಗೇ ನಷ್ಟ ಆಗುತ್ತಿತ್ತು. ಇದನ್ನು ಹೇಳಿ ಸೊಸೆಯ ಕೈಯಲ್ಲಿ ಬೈಸಿಕೊಂಡೆ, ಅದೂ ಸರಿಯೇ.

ಆಗಸ್ಟ್: ಮಗಳಿಗೆ ಜ್ವರ, ರಕ್ತ ಪರೀಕ್ಷೆ, ಡೆಂಗಿ ಅಲ್ಲ ಅಂತ ಗೊತ್ತಾಗೋಕೇ ಅರ್ಧ ದುಡ್ಡು, ಮತ್ತೆ ಗಣಪತಿ. 6,600. ಸೆಪ್ಟೆಂಬರ್: ಫೋನ್ ಬಿದ್ದು ಸ್ಕ್ರೀನ್ ಒಡೆಯಿತು, 4,700. ಅಕ್ಟೋಬರ್: ದಸರಾ, ದೀಪಾವಳಿ ಒಂದೇ ತಿಂಗಳಲ್ಲಿ, 11,400.

ನವೆಂಬರಿನದು ಉಂಗುರ. ಅಳಿಯನ ತಂಗಿಯ ಕಿರಿ ಮಗನ ಜವಳ, ಅಂದರೆ ಮೊದಲ ಕೂದಲು ತೆಗೆಸುವ ಶಾಸ್ತ್ರ. ಸೋದರಮಾವ ಬರಿಗೈಲಿ ಹೋಗುವ ಹಾಗಿಲ್ಲ, ಹಿಂದಿನಿಂದ ನಡೆದುಬಂದದ್ದು ಬಂಗಾರ. ಅದೇ ವರ್ಷದ ಏಪ್ರಿಲ್‌ನಲ್ಲೇ ಬಂಗಾರ ಹತ್ತು ಗ್ರಾಮಿಗೆ ಲಕ್ಷ ದಾಟಿತ್ತು, ನವೆಂಬರ್ ಹೊತ್ತಿಗೆ ಇನ್ನೂ ಮೇಲೆ. ಒಂದೇ ಒಂದು ಗ್ರಾಮಿನ ಉಂಗುರ, ಮಜೂರಿ, ಜಿಎಸ್‌ಟಿ, ಮೇಲೆ ಮಗುವಿನ ಬಟ್ಟೆ, ಎಲ್ಲಾ ಸೇರಿ 13,600. ಆ ಉಂಗುರ ಎಷ್ಟು ಸಣ್ಣದು ಅಂದರೆ ಡಬ್ಬಿ ತೆರೆದಾಗ ಬೀಗರು ಡಬ್ಬಿಯನ್ನೇ ಹೊಗಳಿದರು. ನೋಡಿ, ಹಾಲಿನ 120 ರೂಪಾಯಿಗೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಚರ್ಚೆ ಮಾಡುವವನು ಈ 13,600ರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಸರಕಾರಕ್ಕೆ ಬೈಯಬಹುದು. ತಂಗಿಗೆ ಬೈಯೋದು ಹೇಗೆ?

ಡಿಸೆಂಬರ್: ಹಲ್ಲಿನ ರೂಟ್ ಕೆನಾಲ್ ಮತ್ತು ಗೆಳೆಯನ ಮನೆಯ ವಾಸ್ತುಶಾಂತಿ, 8,700.

ವರ್ಷದ ಒಟ್ಟು 1,08,400. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,033. ಅಂದರೆ ಇವರ ಮನೆಯ ಅತಿ ದೊಡ್ಡ ಮಾಸಿಕ ಖರ್ಚು ಬಾಡಿಗೆಯೂ ಅಲ್ಲ, ಕಿರಾಣಿಯೂ ಅಲ್ಲ. ಪಟ್ಟಿಯಲ್ಲಿ ಹೆಸರೇ ಇಲ್ಲದ, ಪ್ರತಿ ತಿಂಗಳು ಬೇರೆ ವೇಷ ಹಾಕಿಕೊಂಡು ಬರುವ ಈ ಬಾಬ್ತು. ಹಲ್ಲು, ಜ್ವರ, ಫೋನ್ ಇವು ಮೊದಲೇ ಗೊತ್ತಾಗೋದಿಲ್ಲ, ಒಪ್ಪೋಣ. ಉಳಿದದ್ದೆಲ್ಲ ಗೋಡೆ ಕ್ಯಾಲೆಂಡರಿನಲ್ಲಿ ಅಚ್ಚಾಗಿಯೇ ಮನೆಗೆ ಬಂದಿತ್ತು. ಶಾಲೆ ಜೂನ್‌ಗೆ ಶುರುವಾಗುತ್ತೆ ಅನ್ನೋದು ಟೀಚರ್ ಆಗಿರುವ ಸೊಸೆಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ಲೆಕ್ಕ ಕೂಡುತ್ತೆ. ಉಳಿಯಬೇಕಿದ್ದ 10,500ರಲ್ಲಿ 9,033 ತೆಗೆದರೆ 1,467. ಅದರಿಂದ 3,100ರ ಚಹಾ ಗಿರ್ಮಿಟ್ ಆಗಬೇಕು. ತಿಂಗಳಿಗೆ 1,633 ಸಾಲದು. ವರ್ಷಕ್ಕೆ ಸುಮಾರು 19,600. ಆ ಹಣ ಬಂದದ್ದು ಕ್ರೆಡಿಟ್ ಕಾರ್ಡಿನಿಂದ. ಬಾಕಿ ನೋಡಿದರೆ 23,400. ಮೇಲಿನ 3,800 ಬಡ್ಡಿ, ದಂಡ. ಕಾರ್ಡಿನ ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಅಂತ ಒಂದು ಸಣ್ಣ ಅಂಕಿ ಇರುತ್ತಲ್ಲ, ಇವನು ಅದನ್ನೇ ಕಟ್ಟಿ ಬಿಲ್ ಮುಗಿಯಿತು ಅಂದುಕೊಳ್ಳುತ್ತಿದ್ದ. ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. ಈಗಿನ ಬಾಕಿಗೆ ತಿಂಗಳಿಗೆ 800ರ ಮೇಲೆ. ನಮ್ಮ ಸಂಘದಲ್ಲಿ ಯಾರಾದರೂ ಆ ದರ ಹೇಳಿದರೆ ಸದಸ್ಯರು ಕುರ್ಚಿ ಎತ್ತುತ್ತಾರೆ. ಫೋನಿನಲ್ಲಿ ಹೇಳಿದರೆ ಓಕೆ ಒತ್ತುತ್ತಾರೆ.

ಆಯೇರಿ ವಹಿ

ಖರ್ಚು ಕಡಿಮೆ ಮಾಡೋಣ ಅಂತ ಕೂತಾಗ ಮೊದಲು ಕೈ ಹಾಕಿದ್ದು ಮದುವೆ, ಜವಳ, ಕುಬಸ (ಸೀಮಂತ) ಇವುಗಳ ಮೇಲೆ. ಆಗ ಸೊಸೆ ಟ್ರೆಜರಿ ಕಪಾಟಿನಿಂದ ಒಂದು ಉದ್ದನೆ ವಹಿ ತಂದಳು. ಅಂಚಿಗೆ ಅರಿಶಿನ ಹಚ್ಚಿದ್ದು, ಮೊದಲ ಪುಟದ ಮೇಲೆ ‘ಶ್ರೀ’. 2019ರ ಇವರ ಮದುವೆಯ ಆಯೇರಿ ಪಟ್ಟಿ. ಯಾರು, ಯಾವ ಊರು, ಎಷ್ಟು ಅಂತ ಮಂಟಪದ ಬಾಜು ಕೂತು ಯಾರೋ ಹಿರಿಯರು ದುಂಡಗೆ ಬರೆದಿದ್ದರು. 101. 251. 501. ಸ್ಟೀಲ್ ಡಬ್ಬಿ. ಜಂಪರ್ ಪೀಸ್. ಗೋಡೆ ಗಡಿಯಾರ, ಗಡಿಯಾರ, ಮತ್ತೆ ಗಡಿಯಾರ.

"ಮಾಮಾರ, ಇವ್ರು ಕೊಟ್ಟಾರ, ನಾವು ಕೊಡಬೇಕಲ್ರಿ" ಅಂದಳು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ಲೆಕ್ಕದ ಮಾತೇ. ಆ ವಹಿಯಲ್ಲಿ ಇರೋದು ಉಡುಗೊರೆ ಅಲ್ಲ, ಬಾಕಿ. 2019ರಲ್ಲಿ 251 ಕೊಟ್ಟವರ ಮನೆಗೆ ಈಗ 251 ಒಯ್ದರೆ ಮರ್ಯಾದೆ ಹೋಗುತ್ತೆ, 501 ಆಗಬೇಕು. ಬಡ್ಡಿಯ ದರವನ್ನು ಯಾರೂ ಹೇಳೋದಿಲ್ಲ, ಎಲ್ಲರಿಗೂ ಗೊತ್ತಿರುತ್ತೆ. ಮಜಾ ಅಂದರೆ ಆಯೇರಿ ಹಣ ನಿಜಕ್ಕೂ ಸಣ್ಣದು. ಫೆಬ್ರವರಿಯ 9,800ರಲ್ಲಿ ಆಯೇರಿ 1,001. ಉಳಿದ 8,799 ಆ ಆಯೇರಿ ಕೊಡಲು ಹೋಗುವಾಗ ಹೇಗೆ ಕಾಣಬೇಕು ಅನ್ನೋದಕ್ಕೆ ಆದದ್ದು. ವಹಿಯನ್ನು ಮುಟ್ಟಬೇಡಿ, ಮದುವೆಗೊಂದು ಹೊಸ ಬಟ್ಟೆ ಬೇಡ, ಇರೋ ಇಳಕಲ್ ಸೀರೆಯನ್ನೇ ನಾಲ್ಕು ಮದುವೆಗೆ ಉಟ್ಟುಕೋ ಅಂದೆ. "ಫೋಟೋದಾಗ ಕಾಣ್ತೈತ್ರಿ" ಅಂದಳು. ಮೊದಲೆಲ್ಲ ಫೋಟೋ ಆಲ್ಬಮ್ಮಿನಲ್ಲಿ ಇರುತ್ತಿತ್ತು, ನೆಂಟರು ವರ್ಷಕ್ಕೊಮ್ಮೆ ನೋಡುತ್ತಿದ್ದರು. ಈಗ ಊಟದ ಎಲೆ ಎತ್ತುವ ಮೊದಲೇ ಸ್ಟೇಟಸ್‌ನಲ್ಲಿ ಇರುತ್ತೆ. ಈ ಒಂದು ವಿಷಯದಲ್ಲಿ ನಾನು ಹೇಳಿದ್ದು ನಡೆಯಲಿಲ್ಲ.

ಮಾಡಿದ್ದೇನು

ಸಾಲಕ್ಕೆ ಜಾಮೀನು ಹಾಕಲ್ಲ ಅಂದೆ. 50,000 ಕೈಗೆ ಬಂದರೆ ಅದರ ಕಂತು ಪಟ್ಟಿಯ ಹೊಸ ಸಾಲು ಆಗುತ್ತಿತ್ತು, ಅಷ್ಟೇ. ಬದಲಿಗೆ ಪಗಾರದ ಖಾತೆ ಬಿಟ್ಟು ಇನ್ನೊಂದು ಖಾತೆ ತೆಗೆಸಿದೆ. ಅದಕ್ಕೆ ಯುಪಿಐ ಇಲ್ಲ, ಎಟಿಎಂ ಕಾರ್ಡು ಸೊಸೆಯ ಹತ್ತಿರ. ಪಗಾರ ಬಿದ್ದ ದಿನವೇ 9,000 ಅಲ್ಲಿಗೆ. ಹನ್ನೆರಡು ತಿಂಗಳ ಹೆಸರು ಬರೆದು, ಎದುರಿಗೆ ಕಳೆದ ವರ್ಷ ಏನು ಬಂತು ಎಷ್ಟು ಹೋಯಿತು ಅಂತ ಬರೆದ ಹಾಳೆಯೊಂದನ್ನು ಅಡುಗೆಮನೆ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಯಿತು.

ಆದರೆ ಕಾರ್ಡಿನ 23,400 ಮತ್ತು ತಿಂಗಳಿಗೆ ಸಾಲದೇ ಬರುವ 1,633, ಇವೆರಡು ಇನ್ನೂ ನಿಂತೇ ಇದ್ದವು. ಆಗ ಅಳಿಯ ಪೇಟೆಗೆ ಹೋದ ಹೊತ್ತು ನೋಡಿ ಸೊಸೆ ಚಹಾ ತಂದು ಇಟ್ಟು, ದನಿ ತಗ್ಗಿಸಿ ಹೇಳಿದಳು, "ಮಾಮಾರ, ಇದನ್ನ ಬರ್ಕೋಬ್ಯಾಡ್ರಿ. ನನ್ನ ಪಗಾರ ಹನ್ನೆರಡು ಸಾವಿರ." ಗಂಡನಿಗೆ ಹನ್ನೊಂದು ಅಂತ ಹೇಳಿ, ತಿಂಗಳಿಗೊಂದು ಸಾವಿರ ಓಣಿಯ ಹೆಂಗಸರ ಭಿಶಿಗೆ (ಚೀಟಿಗೆ) ಕಟ್ಟುತ್ತಿದ್ದಳು. ಇಪ್ಪತ್ನಾಲ್ಕು ಮಂದಿ, ಇವಳದು ಕೊನೇ ನಂಬರ್, ಜನವರಿಯಲ್ಲಿ 24,000 ಬರೋದಿತ್ತು.

ಆ ಭಿಶಿಯಿಂದ ಕಾರ್ಡ್ ಬಾಕಿ ಪೂರ್ತಿ ತೀರಿತು, 600 ಉಳಿಯಿತು. ಅಳಿಯನಿಗೆ ವಿಷಯ ಗೊತ್ತಾದಾಗ ಒಂದು ದಿನ ಮಾತು ಬಿಟ್ಟ, ಮರುದಿನ ಕಾರ್ಡಿನ ಬಿಲ್ ಸೊನ್ನೆ ಬಂದದ್ದನ್ನು ನೋಡಿ ಮಾತು ಶುರು ಮಾಡಿದ. ಎರಡು ವರ್ಷ ಎದುರಿಗೇ ಕೂತು ಬಿಲ್ಲಿಂಗ್ ಮಾಡುವವನ ಕಣ್ಣು ತಪ್ಪಿಸಿ ಲೆಕ್ಕ ಇಟ್ಟ ಹುಡುಗಿ ಅವಳು. ಪ್ರಕರಣದಲ್ಲಿ ನಿಜವಾಗಿ ಲೆಕ್ಕ ಗೊತ್ತಿದ್ದವಳು ಒಬ್ಬಳೇ, ಅವಳನ್ನು ಯಾರೂ ಕೇಳಿರಲಿಲ್ಲ.

ಭಿಶಿ ಮುಗಿದದ್ದರಿಂದ ಆ ಸಾವಿರ ಮನೆ ಲೆಕ್ಕಕ್ಕೆ ಬಂತು. ಚಹಾ ಗಿರ್ಮಿಟ್‌ಗೆ 2,500 ನೋಟಿನಲ್ಲೇ ತೆಗೆದಿಡೋದು ಅಂತ ಆಯಿತು, ಅಲ್ಲಿ 600. ಎರಡೂ ಸೇರಿ 1,600. ಉಳಿದ 33 ರೂಪಾಯಿಗೆ ನಾನೇ ಜಾಮೀನು ಅಂದೆ.

ಸದ್ಯದ ಸ್ಥಿತಿ

ಈ ವರ್ಷ ಜನವರಿಯಿಂದ ಏಪ್ರಿಲ್ ತನಕ ಬೇರೆ ಖಾತೆಗೆ 36,000 ಹೋಗಿದೆ. ಜಾತ್ರೆಗೆ 2,900, ಎರಡು ಮದುವೆಗೆ 6,400, ಕೂಲರ್ ಪ್ಯಾಡಿಗೆ 600 ತೆಗೆದಿದ್ದಾರೆ. 26,100 ಇದೆ. ಕೈಯಲ್ಲಿ ಇಷ್ಟು ಹಣ ಇವರು ಮದುವೆಯಾದಾಗಿನಿಂದ ನೋಡಿರಲಿಲ್ಲ. ಈಗ ಹೊಸ ರೋಗ ಶುರುವಾಗಿದೆ. ಅಳಿಯ ಮೊನ್ನೆ ಫೋನ್ ಮಾಡಿ, "ಮಾಮಾ, ಅಕೌಂಟಿನ್ಯಾಗ ರೊಕ್ಕ ಸುಮ್ನ ಕುಂತೈತಿ, ಒಂದ್ ಎಸಿ ತಗೊಳ್ಳೂಣೇನ್ರಿ?" ಅಂದ.

ಒಂದೂವರೆ ಟನ್ನಿನ ಎಸಿ ತಾಸಿಗೆ ಸುಮಾರು ಒಂದು ಯೂನಿಟ್ ತಿನ್ನುತ್ತೆ. ರಾತ್ರಿ ಎಂಟು ತಾಸು ಅಂದರೆ ತಿಂಗಳಿಗೆ ಎಸಿ ಒಂದೇ 240. ಮನೆಯ ಫ್ರಿಜ್, ಫ್ಯಾನ್, ಮಿಕ್ಸಿ ಎಣಿಸುವ ಮೊದಲೇ ಗೃಹಜ್ಯೋತಿಯ 200 ದಾಟಿ ಆಯಿತು. ಬೇಸಿಗೆಯ ಮೂರು ತಿಂಗಳೂ ಇಡೀ ಬಿಲ್ ಕೈಯಿಂದ. ಇದನ್ನು ಹೇಳಿದೆ. ಸೊಸೆ ಹಿಂದಿನಿಂದ ಕಪಾಟಿನ ಹಾಳೆ ನೋಡಿ ಜೂನ್ ಸಾಲನ್ನು ಗಟ್ಟಿಯಾಗಿ ಓದಿದಳು. ಯುಕೆಜಿಗೆ ಈ ಸಲ 21,500 ಅಂದಿದ್ದಾರಂತೆ. ಎಸಿ ಅಲ್ಲಿಗೆ ನಿಂತಿತು. ಮಗಳು ಮಾತ್ರ ಎಸಿ ಪಕ್ಷದಲ್ಲಿದ್ದಾಳೆ, ಫೀ ತನ್ನದೇ ಅನ್ನೋದು ಅವಳಿಗಿನ್ನೂ ಗೊತ್ತಿಲ್ಲ.

ಅದಾದ ಮೇಲೆ ಇನ್ನೊಂದು ಸುದ್ದಿ. ಸೊಸೆಯ ತಮ್ಮನಿಗೆ ಹೆಣ್ಣು ನಿಶ್ಚಯ ಆಗಿದೆ, ಮದುವೆ ದೀಪಾವಳಿ ಆದ ಮೇಲೆ. ಸ್ವಂತ ತಮ್ಮ. ಕಳೆದ ವರ್ಷದ ಹಾಳೆಯಲ್ಲಿ ಇದಕ್ಕೆ ಸಾಲೇ ಇಲ್ಲ, 9,000ದಲ್ಲಿ ಇದು ಹಿಡಿಯೋದೂ ಇಲ್ಲ. ಈಗಿನಿಂದ ತಿಂಗಳಿಗೆ ಎಷ್ಟು ಜಾಸ್ತಿ ತೆಗೆದಿಡಬೇಕು ಅಂತ ಇಬ್ಬರೂ ಪೆನ್ನು ಹಿಡಿದು ಕೂತಿದ್ದಾರೆ. ಸೊಸೆ ನನಗೆ ಕೇಳಿದ ಮೊದಲ ಪ್ರಶ್ನೆ, "ಮಾಮಾರ, ಅಷ್ಟೊತ್ತಿಗೆ ಬಂಗಾರದ ರೇಟ್ ಇಳಿತೈತೇನ್ರಿ?"

ಅದು ಗೊತ್ತಿದ್ದವನು ಪತ್ತಿನ ಸಂಘದಲ್ಲಿ ಯಾಕೆ ಲೆಕ್ಕ ಬರೆಯುತ್ತಾ ಕೂತಿರುತ್ತಾನವ್ವಾ ಅಂದೆ.